ಏಕಾದಶಿಯ ಮೀನು

ಅಂದು ಬೆಳಿಗ್ಗೆ ಅಪ್ಪ ಮೂಗಿನ ಪೈಪನ್ನು ತಾನೇ ಕಿತ್ತು ಎಸೆದ. ಲಕ್ವಾ ಹೊಡೆದು ಬಲಗೈ ಬಿದ್ದುಹೋಗಿತ್ತು. ಎಡಗೈಗೆ ಬಟ್ಟೆ ಸುತ್ತಿ ಮಂಚದ ಪಟ್ಟಿಗೆ ಕಟ್ಟಿಡಿ ಎಂದು ಸೋಲಾಪುರದ ಆಸ್ಪತ್ರೆಯವರು ಹೇಳಿದ್ದರು. ಪಾಪ, ಎಷ್ಟು ಹೊತ್ತು ಕಟ್ಟಿಡುವುದು ಎಂದು ಅವ್ವ ಗಂಟು ಬಿಚ್ಚಿ ಚಹಾ ಕಾಯಿಸಲು ಒಳಗೆ ಹೋದಳು. ಬರುವಷ್ಟರಲ್ಲಿ ಪೈಪು ನೆಲದ ಮೇಲೆ ಬಿದ್ದಿತ್ತು. ಜೀವಮಾನವಿಡೀ ಲಾರಿ ಓಡಿಸಿದ ಕೈ ಅದು, ಒಂದೇ ಎಳೆತಕ್ಕೆ ಕೆಲಸ ಮುಗಿಸಿತ್ತು.

ನಾನು ಕೂಗಾಡಿದೆ. ಅದು ನನ್ನ ಹುಟ್ಟುಗುಣ. ಪತಸಂಸ್ಥೆಯಲ್ಲಿ, ಅಂದರೆ ಸಾಲ ಕೊಡುವ ಸೊಸೈಟಿಯ ಕೌಂಟರಿನಲ್ಲಿ, ಹಗಲೆಲ್ಲ ನುಂಗಿಕೊಂಡ ಸಿಟ್ಟನ್ನು ಮನೆಗೆ ತಂದು ಬಿಚ್ಚುವವನು ನಾನು. ಅವ್ವನ ಮೇಲೆ ಕೂಗಿದೆ, ಅಪ್ಪನ ಮೇಲೂ ಕೂಗಿದೆ. ಅಪ್ಪ ಸೊಟ್ಟಬಾಯಿಯಲ್ಲೇ ನಕ್ಕ. ಎಷ್ಟೋ ದಿನಗಳ ಮೇಲೆ ಅವನ ಮುಖ ಪೂರ್ತಿಯಾಗಿ ಕಾಣುತ್ತಿತ್ತು. ಪಟ್ಟಿ ಅಂಟಿಸಿದ್ದ ಗುರುತು ಮಾತ್ರ ಮೂಗಿನ ಮೇಲೆ ಕೆಂಪಗೆ ಉಳಿದಿತ್ತು. ಅದನ್ನು ಕಂಡು ನೆಲದ ಮೇಲಿನ ಪೈಪನ್ನು ಎತ್ತಿ ಬದಿಗಿಟ್ಟೆ.

ಆ ಪೈಪು ಬಂದದ್ದು ಪ್ರೀತಿಯಿಂದಲೇ. ನಮ್ಮ ಕಡೆ ಯಾರಾದರೂ ಹಾಸಿಗೆ ಹಿಡಿದರೆ ಬಳಗದವರು ಡಬ್ಬಿಯಲ್ಲಿ ತಿಳಿಸಾರು ತುಂಬಿಕೊಂಡೇ ನೋಡಲು ಬರುತ್ತಾರೆ. ತಿಳಿಸಾರು ಕುಡಿದರೆ ಜೀವಕ್ಕೆ ತ್ರಾಣ ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ಅಪ್ಪ ಮೊದಲ ಸಲ ಆಸ್ಪತ್ರೆಯಿಂದ ಅಕ್ಕಲಕೋಟೆಯ ಮನೆಗೆ ಬಂದಾಗ ದುಧನಿಯ ಬಂಧುವೊಬ್ಬರು ಪಕ್ಕದಲ್ಲಿ ಕುಳಿತು ಬೇಳೆಕಟ್ಟು ಕುಡಿಸಿದರು. ನೀರಿನಂಥ ಆ ಕಟ್ಟು ಹೊಟ್ಟೆಗೆ ಹೋಗುವ ಬದಲು ಉಸಿರಿನ ದಾರಿಗೆ ಇಳಿಯಿತು. ಅಪ್ಪ ನೀಲಿಗಟ್ಟಿದ. ಮತ್ತೆ ಸೋಲಾಪುರ, ಮತ್ತೆ ಐಸಿಯು, ಎದೆಯಲ್ಲಿ ಸೋಂಕು, ಕೊನೆಗೆ ಮೂಗಿಗೆ ಪೈಪು. ಅದನ್ನು ತೂರಿಸುವಾಗ ಅಪ್ಪನ ತಲೆ ಅಲುಗದಂತೆ ಹಿಡಿದುಕೊಂಡವನು ನಾನೇ. ಆಗ ಅವನು ನನ್ನನ್ನು ನೋಡಿದ ನೋಟವನ್ನು ಇನ್ನೊಮ್ಮೆ ಎದುರಿಸುವ ಧೈರ್ಯ ನನಗಿರಲಿಲ್ಲ.

ಆಸ್ಪತ್ರೆಯಲ್ಲಿ ನುಂಗುವುದನ್ನು ಕಲಿಸುವ ಲೇಡಿ ಡಾಕ್ಟರಿಗೆ, ನಾವೆಲ್ಲ ಡಾಕ್ಟರಬಾಯಿ ಎನ್ನುವವರಿಗೆ, ಫೋನು ಮಾಡಿದೆ. ನಾಳೆ ಬೆಳಿಗ್ಗೆ ಕರೆತನ್ನಿ, ಪೈಪು ಮತ್ತೆ ಹಾಕಬೇಕಾಗುತ್ತದೆ ಎಂದರು. ಬೇರೆ ದಾರಿಯೇ ಇಲ್ಲವೇ ಎಂದು ಕೇಳಿದೆ. ಅವರು ಮರಾಠಿಯಲ್ಲಿ ಇನ್ನೊಂದು ಮಾತು ಸೇರಿಸಿದರು. ಇಲ್ಲಿ ಎರಡು ಸಲ ಮೊಸರು ನುಂಗಿಸಿ ನೋಡಿದ್ದೇವೆ, ಗಂಟಲು ಸುಧಾರಿಸಿದೆ. ಇವತ್ತು ರಾತ್ರಿಯೊಳಗೆ ಒಂದು ವಾಟಿ, ಅಂದರೆ ಒಂದು ಸಣ್ಣ ಬಟ್ಟಲು ಊಟ ಕೆಮ್ಮದೆ ಬಾಯಿಂದ ಹೋದರೆ ಪೈಪಿಲ್ಲದೆಯೇ ನೋಡೋಣ ಎಂದು ದೊಡ್ಡ ಡಾಕ್ಟರಿಗೆ ಹೇಳುತ್ತೇನೆ. "ಪಣ ಘಟ್ಟ ಪಾಹಿಜೆ, ಪಾತಳ ನಕೋ," ಎಂದು ಒತ್ತಿ ಹೇಳಿದರು. ಗಟ್ಟಿಯಾಗಿರಬೇಕು, ತೆಳ್ಳಗೆ ಕೂಡದು. ಬೆನ್ನು ನೆಟ್ಟಗೆ, ಗದ್ದ ಎದೆಯ ಕಡೆಗೆ. ತೂಕಡಿಕೆ ಬಂದಮೇಲೆ ಒಂದು ತುತ್ತೂ ಇಡಬೇಡಿ.

ಅಪ್ಪನಿಗೆ ದೀಪ ಹಚ್ಚುವ ಹೊತ್ತಿಗೆಲ್ಲ ತೂಕಡಿಕೆ ಬರುತ್ತಿತ್ತು.

ನಾನು ರಜೆ ಹಾಕಿದೆ. ಕಿವುಚಿದ ಬಾಳೆಹಣ್ಣು ತಂದರೆ ಅಪ್ಪ ಹಲ್ಲು ಕಚ್ಚಿದ. ಮಧ್ಯಾಹ್ನ ಮೊಸರಿಗೆ ಮುಖ ತಿರುಗಿಸಿದ. ಸೋಲಾಪುರದಲ್ಲಿ ಕೆಲಸ ಮಾಡುವ ನನ್ನ ಹೆಂಡತಿ ಚಹಾದ ಹೊತ್ತಿಗೆ ಫೋನು ಮಾಡಿದಳು. ಸ್ಪೀಕರ್ ಹಾಕಿ ಅಪ್ಪನ ಕಿವಿಯ ಹತ್ತಿರ ಹಿಡಿದೆ.

"ಮಾವಾ, ಏನ ಉಣ್ತೀರಿ ಹೇಳ್ರಿ. ನಾ ಬಂದ ಮಾಡಿಕೊಡ್ತೀನಿ."

ಅಪ್ಪ ಎಡಗೈಯನ್ನು ಗಾಳಿಯಲ್ಲಿ ಎತ್ತಿ ಬಳುಕಿಸಿದ, ನೀರಿನಲ್ಲಿ ಹೋಗುವಂತೆ, ಬಾಲ ಬೀಸಿ ಬೀಸಿ.

"ಮೀನ ಕೇಳಾಕತ್ತಾನ," ಎಂದೆ ನಾನು. ನನಗೆ ನಗುವೂ ಬಂತು, ಅಳುವೂ ಬಂತು. ಡಾಕ್ಟರಬಾಯಿಗೆ ಮತ್ತೆ ಫೋನು. ಅವರೂ ನಕ್ಕರು. "ಮಾಸಾ ಚಾಲೇಲ," ಮೀನಾದರೆ ಆದೀತು. ತರಕಾರಿಯ ಜೊತೆ ಮೆತ್ತಗೆ ಬೇಯಿಸಿ ಅರೆಯಿರಿ, ಖಾರ ಬೇಡ, ಎಣ್ಣೆ ಬೇಡ. ಆಮೇಲೆ ನಗು ನಿಲ್ಲಿಸಿ, "ಪಣ ಕಾಟಾ ಏಕಹೀ ನಕೋ," ಎಂದರು. ಒಂದು ಮುಳ್ಳೂ ಇರಕೂಡದು.

ಈ ಮಾತನ್ನೆಲ್ಲ ಅವ್ವ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಅವಳ ಕೈ ಕೊರಳಿನ ತುಳಸಿ ಮಾಲೆಯ ಮೇಲಿತ್ತು. ಅಂದು ಏಕಾದಶಿ.

ಅವ್ವ ಮಾಳಕರಿ. ಪಂಢರಪುರಕ್ಕೆ ಹೋಗಿ ತುಳಸಿ ಮಾಲೆ ಹಾಕಿಸಿಕೊಂಡವರನ್ನು ನಮ್ಮಲ್ಲಿ ಹಾಗೆ ಕರೆಯುತ್ತಾರೆ. ಮಾಲೆ ಕೊರಳಿಗೆ ಬಿತ್ತೆಂದರೆ ಮೀನು ಮಾಂಸ ತಿನ್ನುವುದೂ ಇಲ್ಲ, ಮುಟ್ಟುವುದೂ ಇಲ್ಲ. ಒಮ್ಮೆ ತೆಗೆದಿಟ್ಟರೆ ಮನಸ್ಸು ಬಂದಾಗ ತಿರುಗಿ ಹಾಕಿಕೊಳ್ಳುವಂತಿಲ್ಲ. ಮತ್ತೆ ಪಂಢರಪುರಕ್ಕೇ ಹೋಗಬೇಕು, ಅಲ್ಲಿನ ಗುರು ಮಹಾರಾಜರ ಕೈಯಿಂದಲೇ ಹಾಕಿಸಿಕೊಳ್ಳಬೇಕು, ಇನ್ನು ತಪ್ಪುವುದಿಲ್ಲ ಎಂದು ಮಾತು ಕೊಡಬೇಕು.

ಅವ್ವ ಮಾಲೆ ಹಾಕಿಕೊಂಡದ್ದರ ಹಿಂದೆ ಭಕ್ತಿ ಇತ್ತು, ಇಲ್ಲವೆನ್ನಲಾರೆ. ಆದರೆ ಅಪ್ಪನ ಮೀನೂ ಇತ್ತು. ನಾವು ಮೊದಲು ಕಂದಲಗಾಂವದಲ್ಲಿ ಇದ್ದಾಗಿನಿಂದಲೂ ಅಪ್ಪ ಲಾರಿಯಿಂದ ಇಳಿದನೆಂದರೆ ಕೈಯಲ್ಲಿ ಮೀನು ಇರಲೇಬೇಕು. ಹೊತ್ತು ಗೊತ್ತು ಇರಲಿಲ್ಲ. ಅವ್ವ ಮಲಗಿದ್ದರೂ ಏಳಬೇಕು, ಜ್ವರವಿದ್ದರೂ ಏಳಬೇಕು, ಬೂದಿ ಹಚ್ಚಿ ತಿಕ್ಕಬೇಕು, ಹುರುಪೆ ತೆಗೆಯಬೇಕು, ರಸ್ಸಾ ಕುದಿಸಬೇಕು. ಅಷ್ಟೂ ಆದಮೇಲೆ ಅಪ್ಪನ ತಾಟಿನಲ್ಲಿ ಒಂದೊಂದೇ ತುಂಡು ಬಿಡಿಸಿ ಮುಳ್ಳು ತೆಗೆದು ಇಡಬೇಕು. ಅಪ್ಪ ಜನ್ಮದಲ್ಲಿ ಒಂದು ಮುಳ್ಳು ತೆಗೆದವನಲ್ಲ, ರೊಟ್ಟಿ ಮುರಿದು ಉಣ್ಣುವುದಷ್ಟೇ ಅವನ ಪಾಲು. ಒಂದು ಆಷಾಢಿ ಏಕಾದಶಿಗೆ ಅವ್ವ ಭಜನೆ ಮಾಡುತ್ತ ಪಂಢರಪುರಕ್ಕೆ ಹೋಗುವ ದಿಂಡಿಯ ಜೊತೆ ನಡೆದುಹೋದಳು, ತಿರುಗಿ ಬರುವಾಗ ಕೊರಳಲ್ಲಿ ಮಾಲೆ ಇತ್ತು. ಆ ವಾರ ಅಪ್ಪ ಮೀನು ತಂದು ಕಟ್ಟೆಯ ಮೇಲೆ ಇಟ್ಟಾಗ ಅವಳು ಕೊರಳು ತೋರಿಸಿದಳು. "ಇನ್ನ ನನ್ನ ಕೈಲೆ ಆಗೂದಿಲ್ಲರಿ. ಪಾಂಡುರಂಗ ಬ್ಯಾಡ ಅಂದಾನ." ಹೆಂಡತಿಯ ಜೊತೆ ಜಗಳಾಡಬಹುದು, ಪಾಂಡುರಂಗನ ಜೊತೆ ಹೇಗೆ ಆಡುವುದು? ಅಪ್ಪ ಗೊಣಗುತ್ತ ಮೀನನ್ನು ಎತ್ತಿಕೊಂಡು ಹೊರಗೆ ಹೋದ. ಮುಂದೆ ನನ್ನ ಹೆಂಡತಿ ಬಂದು ಹಿತ್ತಿಲ ಕಟ್ಟೆಯ ಮೇಲೆ ಬೇರೆ ಒಲೆ, ಬೇರೆ ಅಲ್ಯೂಮಿನಿಯಂ ಪಾತ್ರೆ ಇಟ್ಟುಕೊಂಡು ಮೀನು ಮಾಡತೊಡಗಿದಳು. ಆ ಹೊತ್ತಿಗೆ ಅವ್ವ ಮುಂದಿನ ಪಡಸಾಲೆಯಲ್ಲಿ ಮಹಾರಾಣಿಯಂತೆ ಕೂತಿರುತ್ತಿದ್ದಳು. ಅಷ್ಟು ಹಾಯಾಗಿ ಕೂತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಸಂತೆಯ ಕಡೆಗೆ ಗಾಡಿ ಓಡಿಸಿದೆ. ಏಕಾದಶಿಯ ದಿನ ಮೀನಿನ ಸಾಲೆಲ್ಲ ಖಾಲಿ. ಒಬ್ಬಳೇ ಮುದುಕಿ ಕೂತಿದ್ದಳು.

"ಮರಳ ಮೀನ ಐತೇನು? ಬ್ಯಾನಿ ಬಿದ್ದವ್ರಿಗೆ ಬೇಕಾಗಿತ್ತು," ಎಂದೆ. ಮರಳಕ್ಕೆ ಮುಳ್ಳು ಕಡಿಮೆ ಎಂಬುದಷ್ಟು ನನಗೂ ಗೊತ್ತು.

"ಇವತ್ತ ಯಾರ ತೊಗೋತಾರ ಸಾಹೇಬ್ರ? ಮರಳ ತಂದೇ ಇಲ್ಲ. ಡ್ಯಾಮಿನ ರಹೂ ಇದಿಷ್ಟ ಉಳದೈತಿ, ನೋಡ್ರಿ."

ರಹೂ ಮೀನಿನ ಬಾಲದ ಕಡೆಯ ಅರ್ಧ ಉಳಿದಿತ್ತು. ತಾಜಾ ಇತ್ತು, ಮಾಂಸ ಗಟ್ಟಿಯಾಗಿತ್ತು. ಪಕ್ಕೆಲುಬು ಒಂದೂ ಕಾಣಲಿಲ್ಲ. ಮುಳ್ಳೆಲ್ಲ ಪಕ್ಕೆಯಲ್ಲೇ ಇರುತ್ತದೆ, ಬಾಲದಲ್ಲಿ ನಡುವಿನ ಎಲುಬು ಬಿಟ್ಟರೆ ಏನಿದ್ದೀತು ಎಂದುಕೊಂಡೆ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡು ಅದನ್ನೇ ಕಟ್ಟಿಸಿಕೊಂಡೆ. ಹುಟ್ಟಿದಾಗಿನಿಂದ ಬೇರೆಯವರು ಮುಳ್ಳು ತೆಗೆದುಕೊಟ್ಟ ಮೀನನ್ನೇ ತಿಂದವನ ಲೆಕ್ಕ ಹೀಗೇ ಇರುತ್ತದೆ.

ಮನೆಗೆ ಬಂದರೆ ಹೆಂಡತಿಯ ಫೋನು. ಅವಳು ಬರುತ್ತಿದ್ದ ರೈಲು ಹೊಟಗಿಯಲ್ಲಿ ನಿಂತುಬಿಟ್ಟಿದೆ, ಸಿಗ್ನಲ್ ಇಲ್ಲ, ಯಾವಾಗ ಬಿಡುತ್ತಾರೋ ಗೊತ್ತಿಲ್ಲ. ಹೊರಗೆ ಬಿಸಿಲು ಗೋಡೆಯ ಅಂಚಿಗೆ ಏರಿತ್ತು. ಅಪ್ಪ ದಿಂಬಿಗೆ ಒರಗಿ ಕಣ್ಣು ಬಿಟ್ಟುಕೊಂಡು ಕೂತಿದ್ದ, ಆದರೆ ರೆಪ್ಪೆ ಭಾರವಾಗುತ್ತಿರುವುದು ನನಗೆ ಕಾಣುತ್ತಿತ್ತು.

"ನೀವ ಮಾಡ್ರಿ," ಎಂದಳು ಹೆಂಡತಿ. "ಏನ ದೊಡ್ಡ ಕೆಲಸಲ್ಲ. ಸೋರಿಕಾಯಿ, ಗಜ್ಜರಿ ಸಣ್ಣಾಗಿ ಹೆಚ್ಚಿ ಕುದಿಯಾಕ ಇಡ್ರಿ, ಒಂದೆರಡ ಬಳ್ಳೊಳ್ಳಿ, ಚೂರ ಹಸಿಶುಂಠಿ. ಮೆತ್ತಗಾದ ಮ್ಯಾಲ ಮೀನ ಮ್ಯಾಲಿಟ್ಟ ಮುಚ್ಚರಿ. ಹಬೆಗೇ ಬೇಯ್ತೈತಿ. ಮುಳ್ಳ ಮಾತ್ರ ನೋಡಿ ತೆಗೀರಿ." ಫೋನು ಕಡಿದುಹೋಯಿತು.

ಹಿತ್ತಿಲ ಕಟ್ಟೆಯ ಮೇಲೆ ಒಲೆ ಹಚ್ಚಿದೆ. ಸೋರೆಕಾಯಿ, ಗಜ್ಜರಿ ಹೆಚ್ಚಿ ಕುದಿಯಲು ಇಟ್ಟೆ. ಬೆಳ್ಳುಳ್ಳಿಯ ಸಿಪ್ಪೆ ಬೆರಳಿಗೆ ಅಂಟಿಕೊಂಡು ಬಿಡಲೊಲ್ಲದು, ಅದನ್ನೂ ಬೈದೆ. ಮೀನಿಗೆ ಅರಿಶಿನ, ಚಿಟಿಕೆ ಉಪ್ಪು, ನಿಂಬೆಹಣ್ಣಿನ ನಾಲ್ಕು ಹನಿ ಹಚ್ಚಿದೆ. ಖಾರವಿಲ್ಲದ, ಕಪ್ಪು ಮಸಾಲೆಯಿಲ್ಲದ, ಕೆಂಪಗೆ ಎಣ್ಣೆಯ ತವರಿ ತೇಲದ ಮೀನನ್ನು ನಾನು ಅಲ್ಲಿಯತನಕ ಕಂಡಿರಲಿಲ್ಲ. ಇದನ್ನು ಅಪ್ಪ ಉಂಡಾನೇ ಎಂಬ ಹೆದರಿಕೆ ಬೇರೆ. ತರಕಾರಿ ಮೆತ್ತಗಾದ ಮೇಲೆ ತುಂಡುಗಳನ್ನು ಅದರ ಮೇಲೆ ಹರವಿ ಮುಚ್ಚಿದೆ.

"ಉರಿ ಸಣ್ಣ ಮಾಡಲೇ, ತಳ ಹಿಡಿಯಾಕತ್ತೈತಿ," ಎಂದು ಅವ್ವ ಕೂಗಿದಳು. ಅವಳು ಹಿತ್ತಿಲ ಹೊಸ್ತಿಲಿನ ಒಳಗೆ ನಿಂತಿದ್ದಳು. ಅಲ್ಲಿಂದ ಪಾತ್ರೆ ಕಾಣುವುದಿಲ್ಲ, ವಾಸನೆಯಿಂದಲೇ ಹೇಳಿದ್ದಳು. ಉರಿ ಸಣ್ಣ ಮಾಡಿದೆ.

"ಯಾವ ಕಡಿ ತಂದಿ?"

"ಬಾಲದ ಕಡೀದು. ಅಲ್ಲಿ ಮುಳ್ಳ ಇರೂದಿಲ್ಲಲ್ಲ."

ಅವ್ವ ಹಣೆ ಚಚ್ಚಿಕೊಂಡಳು. "ಹುಚ್ಚಪ್ಯಾಲಿ! ರಹೂಂದು ಬಾಲದಾಗ ಕೂದಲಿನಂಥಾ ಮುಳ್ಳ ಇರ್ತಾವ, ಕವಲ ಒಡದಿರ್ತಾವ. ಹೊಟ್ಟಿ ಕಡೀದಾದ್ರ ದೊಡ್ಡ ಮುಳ್ಳ, ಕಣ್ಣಿಗೆ ಕಾಣ್ತಾವ. ಇವು ಗಂಟಲಿಗೆ ಹೋದ ಮ್ಯಾಲನ ಗೊತ್ತಾಗೂದು."

ತಿರುಗಿ ಸಂತೆಗೆ ಹೋಗಲು ಹೊತ್ತಿಲ್ಲ, ಹೋದರೂ ಬೇರೆ ಮೀನಿಲ್ಲ. ಬೆಂದ ತುಂಡುಗಳನ್ನು ತಾಟಿಗೆ ಹಾಕಿಕೊಂಡು ದೀಪದ ಕೆಳಗೆ ಕೂತೆ. ಎಳೆ ಎಳೆಯಾಗಿ ಬಿಡಿಸಿದೆ. ಒಂದು ಮುಳ್ಳು ಸಿಕ್ಕಿತು, ಎರಡಾಗಿ ಸೀಳಿಕೊಂಡಿತ್ತು. ಇನ್ನೊಂದು ಸಿಕ್ಕಿತು, ಮತ್ತೂ ಒಂದು. ತೆಗೆದಷ್ಟೂ ಸಿಗುತ್ತಲೇ ಇದ್ದವು. ಬಿಸಿಗೆ ಬೆರಳ ತುದಿ ಸುಟ್ಟು ಸ್ಪರ್ಶವೇ ತಿಳಿಯದಂತಾಯಿತು.

"ಕಣ್ಣಿಲೆ ನೋಡಬ್ಯಾಡ, ಬೆರಳಿಲೆ ಒತ್ತಿ ನೋಡು," ಎಂದಳು ಅವ್ವ ಹೊಸ್ತಿಲಿನಿಂದ. ನಾನು ಒತ್ತಿ ನೋಡಿದೆ. ಈಗ ಏನೂ ಸಿಗಲಿಲ್ಲ. ಮತ್ತೊಮ್ಮೆ ಒತ್ತಿದೆ. ಇಲ್ಲ.

"ಆತು. ಮುಳ್ಳಿಲ್ಲ," ಎಂದೆ. ತರಕಾರಿಯ ಜೊತೆ ಕಲಸಿ, ನೀರು ಬಸಿದು, ಸೌಟಿನ ಹಿಂಬದಿಯಿಂದ ಅರೆದೆ. ಚಮಚ ಓರೆ ಮಾಡಿದರೂ ಬೀಳದಷ್ಟು ಗಟ್ಟಿಯಾಯಿತು. ವಾಟಿ ಎತ್ತಿಕೊಂಡು ಎದ್ದೆ.

"ತಡಿ," ಎಂದಳು ಅವ್ವ.

ತಡಿ ಎಂದವಳು ಒಳಗೆ ದೇವರ ಜಗಲಿಯ ಕಡೆ ನಡೆದಳು. ನನ್ನ ಸಿಟ್ಟು ನೆತ್ತಿಗೇರಿತು. ಅಲ್ಲಿ ಅಪ್ಪನ ತಲೆ ಒಂದು ಕಡೆಗೆ ವಾಲುತ್ತಿದೆ, ಇಲ್ಲಿ ಇವಳಿಗೆ ಪೂಜೆ. "ಅವ್ವಾ, ದೇವ್ರಿಗೆ ಕೈ ಮುಗಿಯೂ ಹೊತ್ತೇನ ಇದು? ನಿನ್ನ ಏಕಾದಶಿಗಿಷ್ಟು!" ಎಂದು ಚೀರಿದೆ.

ಅವಳು ತಿರುಗಿ ಬಂದಳು. ಕೊರಳು ಬರಿದಾಗಿತ್ತು. ಮಾಲೆ ಇದ್ದ ಜಾಗದಲ್ಲಿ ಚರ್ಮ ಬಿಳಿಯ ಗೆರೆಯಾಗಿ ಉಳಿದಿತ್ತು. ಹಿತ್ತಿಲ ಹೊಸ್ತಿಲು ದಾಟಿ, ನನ್ನ ಕೈಯಿಂದ ವಾಟಿ ಇಸಿದುಕೊಂಡು, ಐದೂ ಬೆರಳು ಅದರೊಳಗೆ ಇಳಿಸಿದಳು. ಅವಳು ವಾಟಿಯನ್ನು ನೋಡಲೇ ಇಲ್ಲ, ಎದುರಿನ ಗೋಡೆಯನ್ನು ನೋಡುತ್ತ ಹಿಸುಕುತ್ತಿದ್ದಳು. ಹೆಬ್ಬೆರಳು ನಿಂತಿತು. ಹೊರಗೆ ಬಂದಾಗ ಉಗುರಿನ ತುದಿಯಲ್ಲಿ ಒಂದು ಮುಳ್ಳಿತ್ತು. ತಾಟಿನ ಅಂಚಿಗೆ ಒರೆಸಿ ಮತ್ತೆ ಕೈ ಹಾಕಿದಳು. ಇನ್ನೊಂದು ಬಂತು, ಮೊದಲಿನದಕ್ಕಿಂತ ಸಣ್ಣದು, ಕವಲೊಡೆದದ್ದು.

ಅವೆರಡನ್ನೂ ನಾನು ನನ್ನ ಕೈಯಾರೆ ಅಪ್ಪನ ಗಂಟಲಿಗೆ ಇಡುವವನಿದ್ದೆ.

ಅಪ್ಪನನ್ನು ನೆಟ್ಟಗೆ ಕೂರಿಸಿದೆವು. ನಾನು ಹಿಂದೆ ಕುಳಿತು ಬೆನ್ನಿಗೆ ಆಸರೆಯಾದೆ. ಒದ್ದೆ ಬಟ್ಟೆಯಿಂದ ಮುಖ ಒರೆಸಿದಾಗ ಅವನ ಕಣ್ಣು ತೆರೆದವು. ಅವ್ವ ಬೆರಳ ತುದಿಯಲ್ಲಿ ಸಣ್ಣ ತುತ್ತು ಹಿಡಿದು ಬಾಯಿಯ ಹತ್ತಿರ ಒಯ್ದಳು. ವಾಸನೆಗೆ ಅಪ್ಪನ ಮೂಗು ಅರಳಿತು, ಬಾಯಿ ತೆರೆಯಲು ಹೋಯಿತು. ಅಷ್ಟರಲ್ಲಿ ಅವನ ದೃಷ್ಟಿ ಅವಳ ಕೊರಳಿಗೆ ಬಿತ್ತು.

ಬಾಯಿ ಮುಚ್ಚಿಬಿಟ್ಟ. ಎಡಗೈ ಎತ್ತಿ ಅವಳ ಕೊರಳು ಮುಟ್ಟಿದ, ಆ ಬಿಳಿಯ ಗೆರೆಯ ಮೇಲೆ. "ಮಾ... ಮಾ..." ಎಂದ, ಮುಂದೆ ಬರಲಿಲ್ಲ. ತಲೆ ಅಲ್ಲಾಡಿಸಿದ. ಅವಳ ಕೈಯನ್ನು ದೂರ ತಳ್ಳಿದ. ಇದೇ ಮಾಲೆಯ ಮುಂದೆ ಸೋತು ಎಷ್ಟೋ ವರ್ಷ ಗೊಣಗಿದ ಮನುಷ್ಯ ಈಗ ಅದು ಇಲ್ಲವೆಂದು ಹಟ ಹಿಡಿದಿದ್ದ. ಹೊರಗೆ ಬೀದಿದೀಪ ಹತ್ತಿತು. ಅಪ್ಪನ ಬೆನ್ನು ನನ್ನ ಎದೆಯ ಮೇಲೆ ಭಾರವಾಗುತ್ತ ಬಂತು. ಮುಗಿಯಿತು, ನಾಳೆ ಪೈಪೇ, ಕಟ್ಟಿದ ಕೈಯೇ ಎಂದುಕೊಂಡೆ.

ಅವ್ವ ಅಳಲಿಲ್ಲ. ಬೈದಳು. "ಬಾಯಿ ತೆಗೀರಿ. ತೆಗದಿದ್ದಂತೂ ತೆಗದ ಇಟ್ಟೀನಿ. ಈಗ ನೀವು ಉಣ್ಣಲಿಲ್ಲಂದ್ರ ಅದೂ ಹೋತು, ಇದೂ ಹೋತು. ಪಾಂಡುರಂಗನ ಹಂತ್ಯಾಕ ನಾ ಮಾತಾಡ್ಕೋತೀನಿ, ನಡುವ ನೀವ ಬರಬ್ಯಾಡ್ರಿ. ತೆಗೀರಿ ಅಂದ್ನಿ!"

ಅಪ್ಪ ಬಾಯಿ ತೆರೆದ.

ತುತ್ತು ಹೋಯಿತು. ಗದ್ದ ಎದೆಗೆ ಬಾಗಿಸಿದೆ. ಗಂಟಲಿನ ಗುಬುಟು ಮೇಲೇರಿ ನಿಂತಿತು. ಎಷ್ಟು ಹೊತ್ತು ನಿಂತಿತೋ, ನಾನೂ ಉಸಿರು ಹಿಡಿದಿದ್ದೆ. ಆಮೇಲೆ ಇಳಿಯಿತು. ಡಾಕ್ಟರಬಾಯಿ ಹೇಳಿಕೊಟ್ಟಂತೆ, "ಅಪ್ಪಾ, ಆ ಅನ್ನು," ಎಂದೆ. ಗಂಟಲಲ್ಲಿ ಏನಾದರೂ ಉಳಿದಿದ್ದರೆ ದನಿ ನೀರು ಗುಡುಗುಡಿಸಿದಂತೆ ಬರುತ್ತದೆ, ಆಗ ನಿಲ್ಲಿಸಬೇಕು. "ಆ," ಎಂದ ಅಪ್ಪ. ದನಿ ಒಣಗಿತ್ತು, ಸ್ವಚ್ಛವಾಗಿತ್ತು. ಜೀವಮಾನದಲ್ಲಿ ಅಷ್ಟು ಚಂದದ ದನಿಯನ್ನು ನಾನು ಕೇಳಿಲ್ಲ.

ಎರಡನೆಯ ತುತ್ತು. ಆ. ಮೂರನೆಯದು. ಆ. ನಡುವೆ ಒಮ್ಮೆ ಗಂಟಲು ಕೆರೆದಂತೆ ಸದ್ದಾಯಿತು, ಅವ್ವನ ಕೈ ಅರ್ಧದಲ್ಲೇ ನಿಂತಿತು, ಮೂವರೂ ಕಾದೆವು. ಅಪ್ಪ ಇನ್ನೊಮ್ಮೆ ನುಂಗಿ ತಾನಾಗಿಯೇ, "ಆ," ಎಂದ. ಹೆಂಡತಿ ಚಪ್ಪಲಿ ಕೂಡ ಬಿಡದೆ ಓಡಿ ಬಂದಾಗ ವಾಟಿಯಲ್ಲಿ ಕೊನೆಯ ತುತ್ತು ಉಳಿದಿತ್ತು. ಅವಳು ಅತ್ತೆಯ ಕೈ ನೋಡಿದಳು, ಕೊರಳು ನೋಡಿದಳು, ಬಾಗಿಲಿಗೆ ಒರಗಿ ಕೂತಳು.

ಮರುದಿನ ಡಾಕ್ಟರಬಾಯಿ ಎದೆ ಪರೀಕ್ಷೆ ಮಾಡಿಸಿ, ಗಂಟಲು ನೋಡಿ, ಪೈಪು ಬೇಡ ಎಂದರು. ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ, ನಾಚಿಕೆಯಾಗಲಿಲ್ಲ.

ಅಪ್ಪ ಈಗ ಮೀನು ಬಿಟ್ಟು ಬೇರೆಯದನ್ನೂ ಉಣ್ಣುತ್ತಾನೆ. ಆದರೆ ವಾರಕ್ಕೊಮ್ಮೆ ಅದು ಬೇಕೇ ಬೇಕು. ನಾನು ಹೊಟ್ಟೆಯ ಕಡೆಯ ತುಂಡನ್ನೇ ಕೇಳಿ ತರುತ್ತೇನೆ, ಹೆಂಡತಿ ಬೇಯಿಸುತ್ತಾಳೆ. ಮುಳ್ಳು ನೋಡುವುದು ಮಾತ್ರ ಅವ್ವನೇ. ಮೂಗಿಗೆ ಸೆರಗು ಕಟ್ಟಿಕೊಂಡು ನಮ್ಮನ್ನೆಲ್ಲ ಬೈಯುತ್ತ ಕೈ ಹಾಕುತ್ತಾಳೆ. ತಾನು ತಿನ್ನುವುದಿಲ್ಲ. ಮಾಲೆ ದೇವರ ಜಗಲಿಯ ಮೊಳೆಗೆ ತೂಗಿದೆ. ಈ ಸಲದ ಆಷಾಢಿಗೆ ಓಣಿಯ ದಿಂಡಿಯವರು ಕರೆಯಲು ಬಂದಾಗ, "ಮಾತ ಕೊಟ್ಟ ಮತ್ತ ತಪ್ಪಿಸಾಕ ನನಗ ಬ್ಯಾಡವಾ. ಇವ್ರ ಮುಳ್ಳ ತೆಗೆಯೂದು ಮುಗದ ಮ್ಯಾಲ ಬರ್ತೀನಿ," ಎಂದು ಕಳಿಸಿಬಿಟ್ಟಳು. ದಿಂಡಿ ತಿರುವು ದಾಟುವತನಕ ಬಾಗಿಲಲ್ಲಿ ನಿಂತಿದ್ದಳು. ಅಪ್ಪ ಮಂಚದ ಮೇಲಿಂದ ಅವಳ ಬೆನ್ನನ್ನು ನೋಡುತ್ತಿದ್ದ.

ಅದಾದ ಮೇಲಿನ ವಾರ ಅವ್ವ ಮೀನಿನ ತಾಟು ಎದುರಿಗೆ ಇಟ್ಟುಕೊಂಡಾಗ ಅಪ್ಪ ಅದನ್ನು ತನ್ನ ಕಡೆಗೆ ಎಳೆದುಕೊಂಡ. ಎಡಗೈಯಿಂದ ಒಂದು ತುಂಡನ್ನು ಬಿಡಿಸತೊಡಗಿದ. ಅರ್ಧ ಮೀನು ಲುಂಗಿಯ ಮೇಲೆ ಬಿತ್ತು. ಅವ್ವ ಕಸಿದುಕೊಳ್ಳಲು ಹೋದಳು, ಅವನು ಬಿಡಲಿಲ್ಲ. ಬೆವರು ಒಡೆಯುವತನಕ ಹಿಸುಕಿ, ಕೊನೆಗೆ ಒಂದು ಮುಳ್ಳು ಹಿಡಿದು ತಾಟಿನ ಅಂಚಿಗೆ ಇಟ್ಟ. ಅವಳ ಮುಖ ನೋಡಿದ. ಆಮೇಲೆ ದೇವರ ಜಗಲಿಯ ಮಾಲೆಯ ಕಡೆಗೆ ಬೆರಳು ಮಾಡಿ, ಒಂದೊಂದೇ ಅಕ್ಷರ ಎಳೆದು, "ಹಾ... ಕ್ಕೋ," ಎಂದ.

ಅವ್ವ ಅವನು ಬಿಡಿಸಿದ ತುಂಡನ್ನು ಬೆರಳಿನಿಂದ ಒತ್ತಿ ನೋಡಿದಳು. ಉಳಿದಿದ್ದ ಇನ್ನೊಂದು ಮುಳ್ಳನ್ನು ತೆಗೆದು ಅವನು ಇಟ್ಟದ್ದರ ಪಕ್ಕದಲ್ಲಿ ಇಟ್ಟಳು.

ಅಪ್ಪ ಅದನ್ನು ನೋಡಿ, ಎರಡನೆಯ ತುಂಡಿಗೆ ಕೈ ಹಾಕಿದ.